ಮುನ್ನೂರು ಕಾಲು, ಸೊನ್ನೆ ಉಣುಗು

ಇಪ್ಪತ್ತು ವರ್ಷ ಜೀಪು ಓಡಿಸಿದ್ದೇನೆ, ಒಂದೇ ಒಂದು ಅಪಘಾತ ಇಲ್ಲ. ಯಲ್ಲಾಪುರದಲ್ಲಿ ರಸ್ತೆ ಗುತ್ತಿಗೆದಾರರೊಬ್ಬರ ಬಳಿ ಇದ್ದಾಗ ಅರಬೈಲ್ ಘಟ್ಟವನ್ನು ದಿನಕ್ಕೆರಡು ಸಲ ಹತ್ತಿ ಇಳಿದವನು ನಾನು. ಹೊಸಬರು ಯಾರೇ ಜೀಪು ಹತ್ತಿದರೂ ಈ ಮಾತನ್ನು ಒಮ್ಮೆ ಅವರ ಕಿವಿಗೆ ಹಾಕುವುದು ನನ್ನ ಪದ್ಧತಿ. ಕೇಳಿದವರೆಲ್ಲ ಭೇಷ್ ಅನ್ನುತ್ತಾರೆ. ಮಮತಾ ಮಾತ್ರ, "ಒಟ್ಟು ಎಷ್ಟು ಟ್ರಿಪ್ಪು ಆಗಿರಬಹುದು?" ಎಂದು ಕೇಳಿದಳು.

"ಆರು ಸಾವಿರ ಅಂತೂ ಆಗಿರಬೇಕ್ರಿ," ಎಂದೆ, ಎದೆಯುಬ್ಬಿಸಿಕೊಂಡು.

"ಹಾಗಾದ್ರೆ ಎರಡು ಸಾವಿರಕ್ಕೊಂದು ಸಲ ಗಟಾರಕ್ಕೆ ಹಾಕೋ ಡ್ರೈವರ್ ಇರಬಹುದು ನೀವು, ಮಧುಕೇಶಣ್ಣ. ಅಲ್ಲ ಅಂತ ಹೇಳ್ಲಿಕ್ಕೆ ಈ ಆರು ಸಾವಿರ ಸಾಕಾಗದಿಲ್ಲ."

ನನಗೆ ಸಿಟ್ಟು ಬಂತು. ಬನವಾಸಿ ಕಡೆಯವರಿಗೆ ಸಿಟ್ಟು ಬಂದರೆ ಮಾತು ಹೆಚ್ಚುತ್ತದೆ ಅನ್ನುತ್ತಾರೆ, ನನಗೆ ಕಡಿಮೆಯಾಗುತ್ತದೆ. ಅಂದು ಶಿರಸಿಯಿಂದ ಸಿದ್ದಾಪುರದ ಆಚೆಯ ಕಲ್ಲಗದ್ದೆಯವರೆಗೂ ಮಾತಿಲ್ಲದೆ, ಮೂವತ್ತರ ವೇಗ ಮೀರದೆ, ಪ್ರತಿ ಗಟಾರವನ್ನೂ ನೋಡಿಕೊಂಡು ಓಡಿಸಿದೆ. ಹಿಂದೆ ಬರುತ್ತಿದ್ದ ಬಸ್ಸಿನವನು ಹಾರ್ನ್ ಹೊಡೆದು ಹೊಡೆದು ಸುಸ್ತಾದ.

ಎದುರಿಗೆ ಮೇಡಂ ಅನ್ನುತ್ತೇನೆ. ಬರೆಯುವಾಗ ಮಮತಾ ಎಂದರೆ ಸಾಕು, ನನ್ನ ಮಗಳಿಗಿಂತ ಎರಡೇ ವರ್ಷ ದೊಡ್ಡವಳು. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ ಬಂದವಳು. ಊರು ಇದೇ ಕಲ್ಲಗದ್ದೆ, ಕಾಡಿನ ಅಂಚಿನ ನಲವತ್ತು ಮನೆ. ನಾಲ್ಕು ವರ್ಷದ ಹಿಂದೆ ಅವಳ ಅಪ್ಪ ಕೆರಿಯ ನಾಯ್ಕರು ಮಂಗನ ಕಾಯಿಲೆಯಲ್ಲಿ ತೀರಿಕೊಂಡರು. ಹೆಸರಿಗೆ ಮಂಗನ ಕಾಯಿಲೆಯಾದರೂ ಮನುಷ್ಯನಿಗೆ ಅದನ್ನು ತಂದು ಅಂಟಿಸುವುದು ಉಣುಗು. ಸಾಸಿವೆ ಕಾಳಿಗಿಂತ ಸಣ್ಣ ಹುಳ. ಕಾಡಿನಲ್ಲಿ ಕಾಲಿಗೆ ಹತ್ತುತ್ತದೆ, ಕಚ್ಚಿದ್ದು ಎಷ್ಟೋ ಸಲ ತಿಳಿಯುವುದೂ ಇಲ್ಲ. ನಗರದ ಸಂಶೋಧನಾ ಕೇಂದ್ರವೊಂದು ಉಣುಗು ಹತ್ತದಂತೆ ಕಾಲಿಗೆ ಹಚ್ಚುವ ಎಣ್ಣೆಯೊಂದನ್ನು ತಯಾರಿಸಿ, ಅದನ್ನು ಪರೀಕ್ಷಿಸಲು ಜನ ಹುಡುಕುತ್ತಿದೆ ಎಂದು ತಿಳಿದಾಗ, ಮಮತಾ ಬೇರೆ ಕೆಲಸ ಬಿಟ್ಟು ಅರ್ಜಿ ಹಾಕಿದಳು. ನನ್ನ ಜೀಪು ಬಾಡಿಗೆಗೆ ಬಂತು, ಜೊತೆಗೆ ನಾನೂ ಬಂದೆ.

ಪರೀಕ್ಷೆಯ ಕ್ರಮ ಹೀಗೆ. ಕಲ್ಲಗದ್ದೆಯ ಇಪ್ಪತ್ತೈದು ಹೆಂಗಸರು ಬೆಳಿಗ್ಗೆ ಕಾಲಿಗೆ ಎಣ್ಣೆ ಹಚ್ಚಿಕೊಂಡು ದರಕು ಗುಡಿಸಲು ಕಾಡಿಗೆ ಹೋಗಬೇಕು. ಕೊಟ್ಟಿಗೆಗೆ ಹಾಸಲು ಒಣ ಎಲೆ ಬೇಕೇ ಬೇಕಲ್ಲ, ಹೇಗೂ ಹೋಗುವವರೇ ಅವರು. ಮಧ್ಯಾಹ್ನ ಬಂದ ಕೂಡಲೇ ಊರಿನ ಅಂಗನವಾಡಿಯಲ್ಲಿ ಮಮತಾ ಒಬ್ಬೊಬ್ಬರ ಕಾಲಿನ ಮೇಲಿನ ಉಣುಗು ಎಣಿಸಬೇಕು. ಬಾಟಲಿಗಳಲ್ಲಿ ಎರಡು ಬಗೆ: ಕೆಲವಕ್ಕೆ ಕೆಂಪು ಮುಚ್ಚಳ, ಕೆಲವಕ್ಕೆ ನೀಲಿ. ಒಂದರಲ್ಲಿ ಔಷಧಿ, ಇನ್ನೊಂದರಲ್ಲಿ ಬರೀ ಎಣ್ಣೆ. ಯಾವುದರಲ್ಲಿ ಯಾವುದು ಎನ್ನುವುದು ನಗರದಲ್ಲಿರುವ ಡಾಕ್ಟರ್ ರವೀಂದ್ರರ ಕಪಾಟಿನ ಲಕೋಟೆಗೆ ಮಾತ್ರ ಗೊತ್ತು. ಹೆಂಗಸರ ಹೆಸರನ್ನೂ ಬರೆಯುವಂತಿಲ್ಲ, ನಂಬರು ಮಾತ್ರ.

ಹೆಂಗಸರನ್ನು ಒಟ್ಟುಗೂಡಿಸಿದವರು ಮಮತಾಳ ತಾಯಿ ಸುಬ್ಬಿ. ತಾಯಿಯ ಹೆಸರು ಪಟ್ಟಿಯಲ್ಲಿ ಬೇಡವೆಂದು ಮಗಳು ಹಟ ಹಿಡಿದಳು. "ನಾನಿಲ್ದೆ ಇವ್ರು ಯಾರೂ ಬರದಿಲ್ಲ, ನೋಡು ಬೇಕಾರೆ," ಎಂದು ತಾಯಿ ಹಟ ಹಿಡಿದರು. ನಗರಕ್ಕೆ ಕೇಳಿದ್ದಾಯಿತು, ಒಪ್ಪಿಗೆಯೂ ಬಂತು. ಸುಬ್ಬಕ್ಕ ಏಳನೇ ನಂಬರಾದರು. ನಿಯಮ ಅಂದರೆ ನಿಯಮ ಎಂದು ಮಮತಾ ಹೆತ್ತ ತಾಯಿಯನ್ನು ಅಂಗನವಾಡಿಯಲ್ಲಿ "ಏಳನೇ ನಂಬರ್" ಎಂದೇ ಕರೆಯುತ್ತಿದ್ದಳು. ಸುಬ್ಬಕ್ಕ ಅದಕ್ಕೆ ಶಾಲೆಯ ಹಾಜರಿಯ ಹಾಗೆ "ಹಾಜರ್" ಅನ್ನುತ್ತಿದ್ದರು.

ಸೋಮವಾರ ಶುರುವಾಯಿತು. ಮಮತಾ ಅಂಗನವಾಡಿಯ ಮುಂದಿನ ಕೋಣೆಯಲ್ಲಿ ಬಿಳಿ ಬಟ್ಟೆ ಹಾಸಿ, ಭೂತಗನ್ನಡಿ, ಚಿಮಟ, ಹಾಳೆ ಇಟ್ಟುಕೊಂಡು ಕುಳಿತಳು. ನಾನು ಹಿಂಬದಿಯ ಚಪ್ಪರದಲ್ಲಿ ಖಾಲಿ ಕುಳಿತಿದ್ದೆ. ಹೆಂಗಸರು ಹೊರೆ ಇಳಿಸಿ ಅತ್ತಲಿಂದಲೇ ಬಂದರು. ಕೈಯಿಲ್ಲದವನ ಹಾಗೆ ಸುಮ್ಮನೆ ಕೂತ ಗಂಡಸನ್ನು ಕಂಡರೆ ಸುಬ್ಬಕ್ಕನಿಗೆ ಆಗುವುದಿಲ್ಲ.

"ತಮಾ, ಆ ಹಂಡೆಗೆ ನೀರು ತುಂಬಿ ಸ್ವಲ್ಪ ಬೆಂಕಿ ಹಾಕಿಡ್ತ್ಯಾ? ಹ್ಯಾಂಗೂ ಖಾಲಿ ಕೂತಿದ್ದೀಯಲ," ಎಂದರು.

ಅಂದಿನಿಂದ ನನಗೂ ಒಂದು ಹುದ್ದೆ ಸಿಕ್ಕಿತು. ಹನ್ನೆರಡಕ್ಕೆ ಬೆಂಕಿ, ಒಂದಕ್ಕೆ ಹದವಾದ ಬಿಸಿನೀರು. ಹೆಂಗಸರು ಕಾಡಿನಿಂದ ಬಂದವರೇ ಬಚ್ಚಲ ಕಲ್ಲಿನ ಮೇಲೆ ನಿಂತು, ಸೋಪು ಹಚ್ಚಿ, ತೆಂಗಿನ ನಾರಿನಿಂದ ಮೊಣಕಾಲವರೆಗೆ ತಿಕ್ಕಿ ತೊಳೆದು, ಸೆರಗಿನಿಂದ ಒರೆಸಿಕೊಂಡು ಒಳಗೆ ಹೋಗುತ್ತಿದ್ದರು. ನನ್ನ ತಾಯಿ ಪಾರ್ವತವ್ವ ಇದ್ದಿದ್ದರೆ ನೋಡಿ ಮೆಚ್ಚುತ್ತಿದ್ದಳು; ಕಾಲು ತೊಳೆಯದೆ ಹೊಸ್ತಿಲು ದಾಟಿದ್ದಕ್ಕೆ ಅವಳಿಂದ ನಾನು ತಿಂದ ಏಟುಗಳಿಗೆ ಲೆಕ್ಕವಿಲ್ಲ. ನೀರು ಹದವಾಗಿದೆ ಎಂದು ಗಂಗೆ ಒಮ್ಮೆ ಹೊಗಳಿದ್ದಕ್ಕೆ ನಾನು ಇನ್ನಷ್ಟು ಸೌದೆ ತಂದೆ. ಗಂಗೆ ಹನ್ನೆರಡನೇ ನಂಬರು, ಊರಿನಲ್ಲೇ ಚುರುಕು ನಾಲಿಗೆಯವಳು, ಸುಲಭಕ್ಕೆ ಯಾರನ್ನೂ ಹೊಗಳುವವಳಲ್ಲ.

ಒಳಗಿನಿಂದ ಮಮತಾಳ ದನಿ ಕೇಳುತ್ತಿತ್ತು. "ಒಂದನೇ ನಂಬರ್, ಎಡಗಾಲು ಸೊನ್ನೆ, ಬಲಗಾಲು ಸೊನ್ನೆ. ಎರಡನೇ ನಂಬರ್, ಎಡಗಾಲು ಸೊನ್ನೆ..."

"ಮೇಡಮ್ಮೋರೇ, ನಮ್ಮ ಕಾಲು ಪಾಸಾ ಫೇಲಾ?" ಎಂದು ಗಂಗೆ ಕೇಳಿದರೆ, ಸುಬ್ಬಕ್ಕ, "ಎಲ್ಲಾ ಪಾಸು. ನನ್ನ ಮಗಳ ಕೆಲಸ ಅಂದ್ರೆ ಎಂತ ತಿಳ್ಕಂಡಿದೀಯ?" ಅನ್ನುತ್ತಿದ್ದರು.

ಮೊದಲ ದಿನ ಸೊನ್ನೆ ಬಂದಾಗ ಮಮತಾ ಖುಷಿಯಾದಳು. ಎರಡನೇ ದಿನ ಹುಬ್ಬು ಗಂಟಾಯಿತು. ಮೂರನೇ ದಿನ ವಾಪಸು ಬರುವಾಗ ದಾರಿಯುದ್ದಕ್ಕೂ ಉಗುರು ಕಚ್ಚಿದಳು. ನನ್ನ ಸಿಟ್ಟು ಅಷ್ಟರಲ್ಲಿ ಇಳಿದಿತ್ತು.

"ಸೊನ್ನಿ ಬಂದ್ರ ಚಲೋ ಅಲ್ಲೇನ್ರಿ ಮೇಡಂ? ಎಣ್ಣಿ ಕೆಲಸಾ ಮಾಡ್ತು ಅಂದಂಗಾತು."

"ಒಂದು ಮುಚ್ಚಳಕ್ಕೆ ಸೊನ್ನೆ ಬಂದಿದ್ರೆ ಹೌದು. ಎರಡಕ್ಕೂ ಸೊನ್ನೆ. ಬರೀ ಎಣ್ಣೆ ಹಚ್ಚಿಕೊಂಡವರಿಗೂ ಒಂದೇ ಒಂದು ಉಣುಗು ಇಲ್ಲ ಅಂದ್ರೆ ಹೇಗೆ?"

ನಿಜವಾಗಿಯೂ ಅದು ವಿಚಿತ್ರವೇ. ಆಗ ಅವಳು ನನ್ನ ಗಟಾರದ ಲೆಕ್ಕವನ್ನು ಬಿಡಿಸಿ ಹೇಳಿದಳು. ಒಂದು ಚೀಲ ಅಕ್ಕಿಯಿಂದ ಮುನ್ನೂರು ಕಾಳು ತೆಗೆದು ನೋಡಿದೆವು ಅನ್ನೋಣ. ಒಂದೂ ಕಲ್ಲು ಸಿಗಲಿಲ್ಲ. ಹಾಗೆಂದು ಚೀಲದಲ್ಲಿ ಕಲ್ಲೇ ಇಲ್ಲ ಅನ್ನಬಾರದು. ಏನೂ ಸಿಗದಿದ್ದಾಗ ಮೂರನ್ನು ನೋಡಿದ ಕಾಳಿನ ಸಂಖ್ಯೆಯಿಂದ, ಅಂದರೆ ಮುನ್ನೂರರಿಂದ, ಭಾಗಿಸಬೇಕು ಎನ್ನುವುದು ಅವರ ಸೂತ್ರ. ನೂರಕ್ಕೊಂದಕ್ಕಿಂತ ಹೆಚ್ಚು ಕಲ್ಲು ಇರಲಿಕ್ಕಿಲ್ಲ ಎಂದು ಹೇಳಬಹುದು, ಅದೂ ಪೂರ್ತಿ ಆಣೆ ಮಾಡಿ ಅಲ್ಲ, ನೂರಕ್ಕೆ ತೊಂಬತ್ತೈದರಷ್ಟು ಧೈರ್ಯದಿಂದ. ಅದಕ್ಕೆ ಮೇಲ್ಮಿತಿ ಎಂದು ಹೆಸರು. ನೋಡಿದ ಕಾಳು ಹೆಚ್ಚಿದಷ್ಟೂ ಮಿತಿ ಕೆಳಗಿಳಿಯುತ್ತದೆ, ಸೊನ್ನೆಗೆ ಮಾತ್ರ ಎಂದೂ ಮುಟ್ಟುವುದಿಲ್ಲ. ಇಲ್ಲಿ ಅವೇ ಕಾಲುಗಳು ದಿನಾ ಬರುವುದರಿಂದ ಲೆಕ್ಕ ಇನ್ನೂ ಸಡಿಲ ಎಂದೂ ಸೇರಿಸಿದಳು. ಏನೂ ಸಿಗದೆ ಇದ್ದದ್ದಕ್ಕೂ ಇಷ್ಟೊಂದು ಲೆಕ್ಕ ಹಾಕುವವರನ್ನು ನಾನು ಮೊದಲ ಸಲ ನೋಡಿದೆ. ಆದರೆ ನನ್ನ ಇಪ್ಪತ್ತು ವರ್ಷಕ್ಕೆ ಆದ ಅವಮಾನ ಸ್ವಲ್ಪ ಕಡಿಮೆಯಾಯಿತು. ಗಟಾರದ ಅನುಮಾನ ನನ್ನೊಬ್ಬನ ಮೇಲಲ್ಲ, ಎಲ್ಲರ ಮೇಲೂ ಇದೆ.

ಶನಿವಾರಕ್ಕೆ ಐವತ್ತು ಕಾಲು ಆರು ದಿನ ಬಂದು ಮುನ್ನೂರಾದವು. ಉಣುಗು ಸೊನ್ನೆ. ಹೆಂಗಸರು ಎಲೆ ಅಡಿಕೆ ಹಾಕಿಕೊಂಡು ಅಂಗಳದಲ್ಲಿ ಕುಳಿತಿದ್ದರು. ಮಮತಾ ಡಾಕ್ಟರ್ ರವೀಂದ್ರರಿಗೆ ಫೋನು ಹಚ್ಚಿದಳು. ಕಲ್ಲಗದ್ದೆಯಲ್ಲಿ ಸಿಗ್ನಲ್ಲು ಅಂಗನವಾಡಿಯ ಮೆಟ್ಟಿಲ ಮೇಲೆ ಮಾತ್ರ ಸಿಗುವುದು, ಅದೂ ಸ್ಪೀಕರ್ ಹಾಕಿದರೆ ಮಾತು ಕೇಳುವುದು. ಹೀಗಾಗಿ ಎಲ್ಲವೂ ಎಲ್ಲರಿಗೂ ಕೇಳಿತು.

"ಎರಡೂ ಗುಂಪಿಗೆ ಸೊನ್ನೆ ಅಂದರೆ ಈ ವರ್ಷ ಆ ಕಾಡಿನಲ್ಲಿ ಉಣುಗೇ ಇಲ್ಲ ಎಂದರ್ಥ," ಎಂದರು ಡಾಕ್ಟರು. ಒಳ್ಳೆಯ ದನಿ, ಸಿಟ್ಟಿನವರಲ್ಲ. "ಉಣುಗಿಲ್ಲದ ಕಡೆ ಎಣ್ಣೆ ಪರೀಕ್ಷಿಸಿ ಏನು ಮಾಡೋದು? ಬಾಟಲಿಗಳನ್ನು ವಾಪಸು ತನ್ನಿ. ಅಲ್ಲಿನ ಕೆಲಸ ಮುಗಿಯಿತು ಎಂದು ಸೋಮವಾರ ವರದಿ ಕಳಿಸಿ."

"ಸರ್, ದನದ ಮೈಮೇಲೆ ಉಣುಗು ಇದೆ. ನಾನು ನೋಡಿದೀನಿ."

"ನೀವು ಎಣಿಸಿದ್ದು ಮುನ್ನೂರು ಕಾಲು, ಮಮತಾ. ನಿಮ್ಮ ಎಣಿಕೆಯನ್ನೇ ನೀವು ನಂಬದಿದ್ದರೆ ಹೇಗೆ?"

ಫೋನು ಇಟ್ಟ ಮೇಲೆ ಅವಳು ಮೆಟ್ಟಿಲ ಮೇಲೇ ಕುಳಿತಳು. ಅಂಗಳದಲ್ಲಿ ಗಂಗೆ ಆಗಲೇ, "ಕಾಡಲ್ಲಿ ಉಣುಗಿಲ್ವಂತೆ. ಡಾಕ್ಟರೇ ಹೇಳಿದ್ರು," ಅನ್ನುತ್ತಿದ್ದಳು. ಇನ್ನೊಬ್ಬಳು, ಹಾಗಾದರೆ ನಾಳೆಯಿಂದ ಮಕ್ಕಳನ್ನೂ ಕರೆದುಕೊಂಡು ಹೋಗಬಹುದು ಎಂದಳು. ಮಮತಾ ಅವರನ್ನು ನೋಡಿದಳು, ತಾಯಿಯನ್ನು ನೋಡಿದಳು. ಅವಳ ಮುಖದಲ್ಲಿ ಹೆದರಿಕೆ ಇತ್ತು. ಅಪ್ಪನನ್ನು ಕಳೆದುಕೊಂಡ ಕಾಡಿಗೆ ಅಮ್ಮನನ್ನು ನಾಳೆ ಕಳಿಸಲು ಹೊರಟಿದ್ದು ಅವಳದೇ ಎಣಿಕೆ.

ನನಗೆ ಮಾಡಲು ಬೇರೇನೂ ತೋಚದೆ ಹಂಡೆ ತೊಳೆದಿಡಲು ಹಿಂದಕ್ಕೆ ಹೋದೆ. ಕೆಲಸ ಮುಗಿಯಿತಲ್ಲ, ಬಚ್ಚಲನ್ನೂ ಸ್ವಚ್ಛ ಮಾಡಿ ಕೊಡೋಣ ಎಂದು ತೆಂಗಿನ ನಾರನ್ನು ಎತ್ತಿದೆ. ನಾರಿನ ಮೇಲೆ ಏನೋ ಹರಿದಾಡಿತು. ಕನ್ನಡಕ ಹಾಕಿಕೊಂಡು ನೋಡಿದೆ. ನಾರಿನ ತುಂಬ, ಕಲ್ಲಿನ ಸಂದಿಯ ತುಂಬ, ನೀರು ಹೋಗುವ ತೂತಿನ ಸುತ್ತ, ಕಲ್ಲಗದ್ದೆಯ ಉಣುಗುಗಳೆಲ್ಲ ಸಭೆ ಸೇರಿದ್ದವು.

ಎರಡು ನಿಮಿಷ ಹಾಗೇ ನಿಂತೆ. ಸುಳ್ಳು ಏಕೆ ಹೇಳಲಿ, ನಾರನ್ನು ಒಲೆಗೆ ಹಾಕಿ ಸುಮ್ಮನಾಗುವ ಯೋಚನೆಯೂ ಬಂತು. ನೀರು ಕಾಸಿದವನು ನಾನು, ಸೌದೆ ತಂದವನು ನಾನು, ಹೊಗಳಿಸಿಕೊಂಡವನೂ ನಾನೇ. ಇಪ್ಪತ್ತು ವರ್ಷದಲ್ಲಿ ಮೊದಲ ಅಪಘಾತ, ಅದೂ ಜೀಪಿನಿಂದ ಇಳಿದ ಮೇಲೆ. ಕೊನೆಗೆ ನಾರನ್ನು ಒಂದು ಡಬ್ಬಿಗೆ ಹಾಕಿ ಮುಚ್ಚಿಕೊಂಡು ಮುಂದಕ್ಕೆ ಬಂದೆ.

"ಮೇಡಂ, ಅಕ್ಕಿ ಚೀಲದ್ದೊಂದ ಮಾತ ಕೇಳ್ಲೇನ್ರಿ?"

"ಈಗಾ, ಮಧುಕೇಶಣ್ಣ?"

"ಮುನ್ನೂರ ಕಾಳಿನ್ಯಾಗ ಕಲ್ಲ ಸಿಗಲಿಲ್ಲ ಅಂದ್ರ ನೂರಕ್ಕ ಒಂದರ ಮ್ಯಾಲೆ ಇಲ್ಲ ಅಂದ್ರಿ. ಚೀಲಾ ನಿಮ್ಮ ಮುಂದ ತರೂಕಿಂತ ಮೊದ್ಲ ಯಾರರ ಅಕ್ಕಿ ಆರಿಸಿಬಿಟ್ಟಿದ್ರ?"

"ಹಾಗಿದ್ರೆ ಆ ಲೆಕ್ಕಕ್ಕೆ ಅರ್ಥನೇ ಇಲ್ಲ. ಆದ್ರೆ ಯಾರು ಆರಿಸ್ತಾರೆ?"

"ನಿಮ್ಮವ್ವ ಆರಿಸ್ಯಾರ್ರಿ. ನಾ ನೀರ ಕಾಸೇನಿ." ಡಬ್ಬಿಯ ಮುಚ್ಚಳ ತೆಗೆದೆ.

ಬೇರೆ ಯಾರಾದರೂ ಆಗಿದ್ದರೆ ಕಿರುಚುತ್ತಿದ್ದರು. ಮಮತಾ ಚಿಮಟ ತಗೊಂಡು ಎಣಿಸತೊಡಗಿದಳು. ಇಪ್ಪತ್ತೇಳಕ್ಕೆ ಬಂದಾಗ ನಿಲ್ಲಿಸಿ ನಗಲು ಶುರುಮಾಡಿದಳು. ಆರು ದಿನ ಐವತ್ತು ಒದ್ದೆ ಕಾಲು ಅವಳ ಕಣ್ಣೆದುರೇ ಬಂದು ಹೋಗಿದ್ದವು. ಸೋಪಿನ ವಾಸನೆಯೂ ಬಂದಿರಬೇಕು. ಹೊರಗಿನಿಂದ ಬಂದವರು ಎಣಿಸಲು ಕುಳಿತಿದ್ದರೆ ಮೊದಲ ದಿನವೇ ಕೇಳುತ್ತಿದ್ದರೇನೋ. ಅವಳೂ ಕಾಲು ತೊಳೆದೇ ಒಳಗೆ ಹೋಗಿದ್ದಳು, ನಾನೂ ತೊಳೆದಿದ್ದೆ. ಮನೆಯೊಳಗೆ ಬರುವ ಕಾಲು ಒದ್ದೆಯಾಗಿರುವುದು ನಮಗೆ ಕಣ್ಣಿಗೆ ಬೀಳುವ ವಿಷಯವೇ ಅಲ್ಲ.

ನಗು ನಿಂತ ಮೇಲೆ ಸಿಟ್ಟು ಬಂತು. "ಅಮ್ಮಾ! ಕಾಲು ತೊಳ್ಕಂಡು ಬಂದ್ರೆ ನಾನು ಎಂತ ಎಣಿಸಲಿ? ಕಾಡಿಂದ ಬಂದ ಕೂಡಲೇ ಅಂತ ಹೇಳಿದ್ನಲ!"

"ಕೂಡಲೇ ಬಂದಿದ್ವಲೇ," ಎಂದರು ಸುಬ್ಬಕ್ಕ. "ಕೊಳಕು ಕಾಲು ತಗಂಡು ನಿನ್ನ ಬಿಳೀ ಬಟ್ಟೆ ಮೇಲೆ ಇಡ್ಲಾ? ನಿನ್ನ ಡಾಕ್ಟರು ನಿನ್ನ ಊರಿನ ಬಗ್ಗೆ ಎಂತ ತಿಳ್ಕಳ್ತಾರೆ?"

"ಕೊಳಕು ಕಾಲೇ ಅಲ್ದನಮ್ಮ ನನಗೆ ಬೇಕಾಗಿದ್ದು!"

ಗಂಗೆಗೆ ನಗು ಬಂತು, ಬೇರೆಯವರಿಗೂ ಬಂತು. ಸುಬ್ಬಕ್ಕ ನಗಲಿಲ್ಲ. ಸೆರಗಿನ ಅಂಚನ್ನು ನೋಡುತ್ತ ಮೆಲ್ಲಗೆ ಹೇಳಿದರು. "ಅವತ್ತು ನಿನ್ನಪ್ಪ ಹೊರೆ ಹೊತ್ತು ಬಂದವ್ರು, ಸುಸ್ತಾಗಿದೆ ಅಂತ ಕಾಲು ತೊಳೀದೆ ಜಗಲಿ ಮೇಲೆ ಮಲಗಿಬಿಟ್ರು. ನೀರು ಕಾಸಿದ್ದೆ. ಏಳ್ಸದು ಬೇಡ, ಮಲಗ್ಲಿ ಅಂತ ಬಿಟ್ಟೆ. ಮತ್ತೆ ಎಂಟು ದಿನಕ್ಕೆ ಜ್ವರ ಬಂತು. ಅವತ್ತಿಂದ ನಾನು ಯಾರನ್ನೂ ಕಾಲು ತೊಳೀದೆ ಒಳಗೆ ಬಿಟ್ಟಿದ್ದಿಲ್ಲ."

ಮಮತಾಳ ಹಾಳೆಯ ಮೇಲಿದ್ದ ಮುನ್ನೂರು ಸೊನ್ನೆಗಳು ಎಲ್ಲಿಂದ ಬಂದವು ಎಂದು ಆಗ ನನಗೆ ತಿಳಿಯಿತು. ಮಮತಾಳಿಗೂ ತಿಳಿಯಿತು. ಅವಳು ತಾಯಿಯ ಪಕ್ಕ ಹೋಗಿ ಕುಳಿತಳು.

ಡಾಕ್ಟರ್ ರವೀಂದ್ರರಿಗೆ ಮತ್ತೆ ಫೋನು ಹೋಯಿತು. ಅವರು ಎಲ್ಲ ಕೇಳಿದರು. ಆಮೇಲೆ, "ತೊಳೆಯುವ ಮೊದಲು ಎಂದು ನಿಯಮದಲ್ಲಿ ಬರೆಯಬೇಕಿತ್ತು. ಬರೆದವನು ನಾನೇ, ನನಗೆ ಹೊಳೆಯಲಿಲ್ಲ," ಎಂದು ಮೂರು ವಾರ ಹೆಚ್ಚಿಗೆ ಕೊಟ್ಟರು.

ಲಕೋಟೆಯಲ್ಲಿ ಏನಿತ್ತು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟುಕೊಳ್ಳುವುದು ನನಗೆ ಬರುವುದಿಲ್ಲ. ಏಪ್ರಿಲಿನಲ್ಲಿ ಒಡೆದರು. ಕೆಂಪು ಮುಚ್ಚಳದ್ದೇ ಔಷಧಿ. ಬರೀ ಎಣ್ಣೆಯ ಕಾಲಿಗೆ ನೂರು ಉಣುಗು ಹತ್ತುವ ಕಡೆ ಔಷಧಿಯ ಕಾಲಿಗೆ ನಲವತ್ತೈದು. ಅದನ್ನಾದರೂ ಮಮತಾ ನೆಟ್ಟಗೆ ಹೇಳಿದಳೇ? ಮೂವತ್ತರಿಂದ ಅರವತ್ತರ ನಡುವೆ ಎಲ್ಲಾದರೂ ಇರಬಹುದು ಎಂದಳು. ಇಷ್ಟು ಓದಿದವಳು ಒಂದು ಸಂಖ್ಯೆ ಕೇಳಿದರೆ ಎರಡು ಹೇಳುತ್ತಾಳೆ. ಸುಬ್ಬಕ್ಕನಿಗೆ ಮಾತ್ರ ಚೆನ್ನಾಗಿ ಅರ್ಥವಾಯಿತು. "ಹಂಗಾರೆ ಎಣ್ಣೇನೂ ಬೇಕು, ಹಂಡೇನೂ ಬೇಕು," ಎಂದರು. ವರದಿಯ ಕೊನೆಯ ಪುಟದಲ್ಲಿ ಮಮತಾ ಇದೇ ಮಾತನ್ನು ಅರ್ಧ ಪುಟ ಬರೆದಿದ್ದಾಳೆ.

ಆದರೆ ನನಗೆ ಹೇಳಬೇಕಾಗಿರುವುದು ಎಣಿಕೆ ಮತ್ತೆ ಶುರುವಾದ ಸೋಮವಾರದ್ದು.

ಎಣಿಕೆಯ ಜಾಗವನ್ನು ಅಂಗನವಾಡಿಯಿಂದ ಕಾಡಿನ ಅಂಚಿಗೆ, ಒಂದು ಮತ್ತಿ ಮರದ ಬುಡಕ್ಕೆ ಸಾಗಿಸಿದೆವು. ಸುಬ್ಬಕ್ಕ ಶರತ್ತು ಹಾಕಿದ್ದರು: ಎಣಿಸಿ ಮುಗಿದ ಕ್ಷಣವೇ ತೊಳೆಯಬೇಕು, ಒಂದು ಹೆಜ್ಜೆಯೂ ಆಚೆ ಇಡುವ ಮೊದಲು. ಹಾಗಾಗಿ ಹಂಡೆಯನ್ನು ಜೀಪಿನ ಹಿಂದೆ ಹಗ್ಗ ಕಟ್ಟಿ ಕೂರಿಸಿಕೊಂಡು ಹೋದೆ. ದಾರಿಯಲ್ಲಿ ಕಂಡವರೆಲ್ಲ ಯಾರ ಮನೆ ಮದುವೆ ಎಂದು ಕೇಳಿದರು.

ಹೆಂಗಸರು ಒಬ್ಬೊಬ್ಬರೇ ಬಂದರು. ಕಾಲಿನ ತುಂಬ ಧೂಳು, ಎಲೆಯ ಪುಡಿ. ಗಂಗೆಯಂಥ ಗಂಗೆಯೇ ನಾಚಿಕೊಂಡು ಮುಖ ಆಚೆ ತಿರುಗಿಸಿ ಕಾಲು ಚಾಚಿದಳು. ಎಡಗಾಲು ಎರಡು, ಬಲಗಾಲು ಒಂದು. ಕೆಲವರಿಗೆ ಸೊನ್ನೆ, ಕೆಲವರಿಗೆ ಐದು. ಮಮತಾ ಚಿಮಟದಿಂದ ಒಂದೊಂದನ್ನೇ ತೆಗೆದು ಸೀಸೆಗೆ ಹಾಕುತ್ತಿದ್ದಳು. ಪಕ್ಕದಲ್ಲೇ ನಾನು ಚೊಂಬು ಹಿಡಿದು ನಿಂತಿದ್ದೆ.

"ಏಳನೇ ನಂಬರ್," ಎಂದಳು. ಹಾಜರ್ ಎನ್ನುವ ದನಿ ಬರಲಿಲ್ಲ. ಸುಬ್ಬಕ್ಕ ಹೊರೆಯ ಹಿಂದೆ ಸೀರೆಯಲ್ಲಿ ಕಾಲು ಮುಚ್ಚಿಕೊಂಡು ನಿಂತಿದ್ದರು. ಅವರನ್ನು ಬಿಟ್ಟು ಉಳಿದವರದ್ದೆಲ್ಲ ಮುಗಿಯಿತು. ಮತ್ತೆ ಕರೆದಳು. ಅವರು ಅಲ್ಲಾಡಲಿಲ್ಲ.

ಮಮತಾ ಹಾಳೆ ಕೆಳಗಿಟ್ಟಳು. "ಅಮ್ಮಾ, ಬಾ."

ಸುಬ್ಬಕ್ಕ ಬಂದು ಕುಳಿತು ಕಾಲು ಚಾಚಿದರು. ಮಮತಾ ಬಿಳಿ ಬಟ್ಟೆಯನ್ನು ಅತ್ತ ಸರಿಸಿ, ಆ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ನಿಯಮದಲ್ಲಿ ಹಾಗಿರಲಿಲ್ಲ. ಬೇಗ ಬೇಗ ಎಣಿಸಿದಳು. ಎಡಗಾಲು ನಾಲ್ಕು, ಬಲಗಾಲು ಎರಡು.

"ಆರು ಬಂತಾ?" ಎಂದರು ಸುಬ್ಬಕ್ಕ. "ನಾನು ಫೇಲಾ?"

"ಇಲ್ಲಮ್ಮ. ಪಾಸು."

ನಾನು ನೀರು ಹಾಕಲು ಮುಂದೆ ಬಂದೆ. ಮಮತಾ ನನ್ನ ಕೈಯಿಂದ ಚೊಂಬು ತಗೊಂಡಳು. ಹಂಡೆಯಿಂದ ನೀರು ಮೊಗೆದು, ಹದ ನೋಡಿ, ತಾಯಿಯ ಕಾಲಿಗೆ ಹಾಕಿದಳು. ಸೋಪು ಹಚ್ಚಿ, ಮೊಣಕಾಲವರೆಗೆ ತಿಕ್ಕಿ ತೊಳೆದಳು. ಅಳುತ್ತಿದ್ದಳು, ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ. ಹಂಡೆ ನನ್ನ ಹುದ್ದೆ ಎಂದು ತಮಾಷೆ ಮಾಡಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ.

ಸುಬ್ಬಕ್ಕ ಮಗಳ ತಲೆಯನ್ನು ಮೇಲಿನಿಂದ ನೋಡುತ್ತಿದ್ದರು.

"ಬೆರಳ ಸಂದಿ ಬಿಟ್ಟೆ," ಎಂದರು ಕೊನೆಗೆ. ಮಮತಾ ಇನ್ನೊಂದು ಚೊಂಬು ನೀರು ಮೊಗೆದು ಮೊದಲಿನಿಂದ ತೊಳೆದಳು.